ನೀರು ಕಾಣದ ಪುಡಿ

ಆ ಬೆಳಿಗ್ಗೆ ಗಾಳಿ ಪೂರ್ತಿ ನಿಂತುಹೋಗಿತ್ತು. ವಾರವಿಡೀ ಬೀಸಿ, ತಗಡಿನ ಬೇಲಿಗಳನ್ನು ಬಡಿದು, ಕಟ್ಟುತ್ತಿದ್ದ ಮಹಡಿಗಳ ಹಸಿರು ಪರದೆಗಳನ್ನು ಸೀಳಿದ್ದ ಗಾಳಿ ಯಾರೋ ಗದರಿದ ಹಾಗೆ ಒಮ್ಮೆಗೇ ಸುಮ್ಮನಾಗಿತ್ತು. ಎದುರು ಮನೆಯ ತಂತಿಯ ಮೇಲೆ ಹರವಿದ್ದ ಬಟ್ಟೆಯ ಅಂಚೂ ಅಲುಗುತ್ತಿರಲಿಲ್ಲ. ಬಿಸಿಲು ಬೀಳುವ ಮೊದಲೇ ಸೆಕೆ ಗೋಡೆಗೆ ಅಂಟಿಕೊಂಡಿತ್ತು.

ಇಂಥ ಬೆಳಗನ್ನು ಕ್ರೇನಿನವರು ದೇವರು ಕೊಟ್ಟ ಬೆಳಗು ಎನ್ನುತ್ತಾರೆ. ಗಾಳಿ ಜೋರಾದರೆ ಕ್ರೇನು ನಿಲ್ಲುತ್ತದೆ, ಕ್ರೇನು ನಿಂತರೆ ಕೆಳಗೆ ದುಡಿಯುವ ಕೈಗಳೆಲ್ಲ ನಿಲ್ಲುತ್ತವೆ. ಇವತ್ತು ವಾರದ ಬಾಕಿಯನ್ನೆಲ್ಲ ಎತ್ತಿಕೊಡಬೇಕು, ಊಟಕ್ಕೂ ಇಳಿಯುವುದು ಅನುಮಾನ ಎಂದು ಹದ್ದಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳುತ್ತಿದ್ದ. ಹದ್ದಣ್ಣ ಅನ್ನುವುದು ಸೈಟಿನವರು ಇಟ್ಟ ಹೆಸರು. ಅಲ್ಲಿನ ಎರಡು ಕ್ರೇನುಗಳಲ್ಲಿ ದೊಡ್ಡದರ ತುದಿಯ ಗೂಡಿನಲ್ಲಿ ಕೂತು, ಕೆಳಗೆ ಬಿದ್ದ ಮೊಳೆಯನ್ನೂ ಗುರುತಿಸಬಲ್ಲ ಕಣ್ಣು ಅವನದು ಎಂದು ಅವರ ನಂಬಿಕೆ.

ಹೆಂಡತಿ ಲೋಟಕ್ಕೆ ಒಂದು ಚಮಚ ನಾರಿನ ಪುಡಿ ಹಾಕಿ, ಪಕ್ಕದಲ್ಲಿ ತಂಬಿಗೆ ತುಂಬ ನೀರಿಟ್ಟಳು. ಅವಳದು ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸ; ಅಲ್ಲಿಯ ಬಸ್ಸು ಬೇಗ ಬರುತ್ತದೆ. ಲೋಟ ತುಂಬ ನೀರು ಹಾಕಿ ಕಲಸಿದ ಕೂಡಲೇ ಕುಡಿಯಬೇಕು, ಮೇಲಿಂದ ಇನ್ನೊಂದು ಲೋಟ ಬರೀ ನೀರು ಕುಡಿಯಬೇಕು ಎಂದು ದಿನಾ ಹೇಳುವುದನ್ನೇ ಆವತ್ತೂ ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡಳು.

ಅವಳ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಕರಗಿದ ಮೇಲೆ ಹದ್ದಣ್ಣ ದಿನಾ ಮಾಡುವುದನ್ನೇ ಆವತ್ತೂ ಮಾಡಿದ. ಪುಡಿಗೆ ಇನ್ನೊಂದು ಚಮಚ ಪುಡಿ ಸೇರಿಸಿದ. ನಾಲ್ಕು ಗುಟುಕಿನಷ್ಟು ನೀರು ಬೆರೆಸಿ, ಬೆರಳಿನಿಂದ ಬಳಿದು ನುಂಗಿದ. ತಂಬಿಗೆಯಲ್ಲಿ ಉಳಿದ ನೀರನ್ನು ಸದ್ದಾಗದಂತೆ ಸಿಂಕಿಗೆ ಬಗ್ಗಿಸಿದ. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಸದ್ದಾಗದಂತೆ ಬಗ್ಗಿಸಿದ.

ಇದಕ್ಕೆಲ್ಲ ಕಾರಣ ಕಂಪನಿಯ ಡಾಕ್ಟರು. ಕ್ರೇನು ಹತ್ತುವವರಿಗೆ ವರ್ಷಕ್ಕೊಮ್ಮೆ ತಪಾಸಣೆ. ಈ ಸಲ ಹದ್ದಣ್ಣನ ರಕ್ತದಲ್ಲಿ ಕೆಟ್ಟ ಕೊಬ್ಬು ಬಹಳ ಏರಿತ್ತು. ಅವನ ಅಪ್ಪ ಎದೆ ಹಿಡಿದುಕೊಂಡು ಹೋದವರು ಎಂಬುದನ್ನು ಡಾಕ್ಟರು ಮರೆತಿರಲಿಲ್ಲ. ಮೂರು ತಿಂಗಳಿಗೆ ಮಾತ್ರ ಸಹಿ ಹಾಕುತ್ತೇನೆ, ಅಷ್ಟರಲ್ಲಿ ಇಳಿಸಿಕೊಂಡು ಬನ್ನಿ, ಇಲ್ಲವಾದರೆ ನೆಲದ ಮೇಲೆ ಬೇರೆ ಕೆಲಸ ನೋಡಬೇಕಾಗುತ್ತದೆ ಎಂದರು. ಮಾತ್ರೆ ಬರೆದುಕೊಡಲು ಹೋದಾಗ ಹದ್ದಣ್ಣ ಬೇಡವೆಂದು ಕೈ ಅಡ್ಡ ಹಿಡಿದ. ಮಾತ್ರೆ ನುಂಗುವವನು ಅನ್ನುವ ಹೆಸರು ಒಮ್ಮೆ ಬಿದ್ದರೆ ಸಾಕು, ಮುಂದಿನ ಸೈಟಿನಲ್ಲಿ ಏಣಿ ಮುಟ್ಟಲೂ ಬಿಡುವುದಿಲ್ಲ ಎಂಬುದು ಅವನ ಎಣಿಕೆ. ಹಾಗಾದರೆ ಊಟ ಬದಲಿಸಿ, ನಾರಿನ ಪುಡಿ ತಗೊಳ್ಳಿ, ಸ್ವಲ್ಪವಾದರೂ ಇಳಿದೀತು ಎಂದು ಡಾಕ್ಟರು ಅರೆಮನಸ್ಸಿನಿಂದ ಹೇಳಿ ಕಳಿಸಿದರು.

ಔಷಧಿ ಅಂಗಡಿಯವನು ಮಾತಿನ ಮನುಷ್ಯ. ಪುಡಿಯ ಡಬ್ಬಿಯನ್ನು ಗಂಡ ಹೆಂಡಿರ ಮುಂದಿಟ್ಟು ಕಥೆ ಹೇಳುವವನಂತೆ ಹೇಳಿದ. ಇದು ಬೀಜದ ಹೊಟ್ಟು. ಹೊಟ್ಟೆಯೊಳಗೆ ನೀರು ಹೀರಿ ಲೋಳೆಯಾಗಿ ಉಬ್ಬುತ್ತದೆ. ಪಿತ್ತರಸವನ್ನು ಅಪ್ಪಿಕೊಂಡು ತನ್ನ ಜೊತೆಗೇ ಹೊರಗೆ ಕರೆದೊಯ್ಯುತ್ತದೆ. ಹೋದ ಪಿತ್ತವನ್ನು ತುಂಬಿಕೊಡಲು ಯಕೃತ್ತು ರಕ್ತದಲ್ಲಿರುವ ಕೊಬ್ಬನ್ನೇ ಎಳೆದುಕೊಳ್ಳುತ್ತದೆ. ಹಾಗೆ ನಿಧಾನಕ್ಕೆ ಇಳಿಯುತ್ತದೆ. ಬಹಳ ಅಲ್ಲ, ಸ್ವಲ್ಪ. ಆಮೇಲೆ ಅವನು ಹದ್ದಣ್ಣನ ಕಡೆ ತಿರುಗಿ ಹೇಳಿದ, “ನೀರು ಮಾತ್ರ ಮರೀಬೇಡಿ ಸ್ವಾಮಿ. ನೀರಿಲ್ಲ ಅಂದ್ರೆ ಇದು ಒಳಗೇ ಗಾರೆ ಥರ ಕೂತುಬಿಡುತ್ತೆ.”

ಹೆಂಡತಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಹದ್ದಣ್ಣ ನಕ್ಕುಬಿಟ್ಟ. ಗಾರೆಯ ವಿಷಯ ನನಗೆ ಹೇಳುತ್ತಾನಲ್ಲ ಎಂದು ಅವನಿಗೆ ನಗು. ಇಡೀ ಬಾಳು ಕಾಂಕ್ರೀಟಿನ ತೊಟ್ಟಿ ಎತ್ತಿದವನು ಅವನು. ಕಲಸಿದ ಕಾಂಕ್ರೀಟಿನ ಮಾಲಿಗೆ ನೀರು ಹೆಚ್ಚಾದರೆ ಕಂಬ ಸತ್ತ್ವ ಕಳೆದುಕೊಳ್ಳುತ್ತದೆ. ಕೆಲಸ ಸಲೀಸಾಗಲೆಂದು ಕದ್ದು ನೀರು ಸುರಿಯುವವರನ್ನು ಇಂಜಿನಿಯರು ಅಟ್ಟಿಸಿಕೊಂಡು ಹೋಗುವುದನ್ನು ಅವನು ಮೇಲಿಂದ ಎಷ್ಟು ಸಲ ನೋಡಿಲ್ಲ? ನೀರು ಕಡಿಮೆಯಾದಷ್ಟೂ ಮಾಲು ಗಟ್ಟಿ. ಈ ಪುಡಿಯೂ ಹಾಗೆಯೇ ಇರಬೇಕು, ಗಟ್ಟಿಯಾಗಿ ತಿಂದರೆ ಗಟ್ಟಿಯಾಗಿ ಕೆಲಸ ಮಾಡುತ್ತದೆ, ನೀರು ನೀರಾಗಿ ಕುಡಿದರೆ ನೀರಿನಂತೆಯೇ ಹರಿದುಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ.

ಈ ಲೆಕ್ಕ ಅವನಿಗೆ ಅನುಕೂಲವೂ ಆಗಿತ್ತು. ಕ್ರೇನಿನವರು ಬೆಳಿಗ್ಗೆ ನೀರು ಮುಟ್ಟುವುದಿಲ್ಲ. ಅಷ್ಟೆತ್ತರದ ಏಣಿಯನ್ನು ಒಮ್ಮೆ ಹತ್ತಿ ಕೂತರೆ ಒಂದಕ್ಕೆ ಬಂತೆಂದು ಇಳಿಯಲಾಗುತ್ತದೆಯೇ? ಚಿಕ್ಕ ಕ್ರೇನು ನಡೆಸುವ ಅವನ ಭಾಮೈದನ ತಲೆಮಾರಿನವರು ಗೂಡಿನಲ್ಲೇ ಒಂದು ಖಾಲಿ ಬಾಟಲಿ ಇಟ್ಟುಕೊಂಡು ಆ ಕಷ್ಟ ಕಳೆದುಕೊಳ್ಳುತ್ತಿದ್ದರು. ಹದ್ದಣ್ಣನಿಗೆ ಅದನ್ನು ಕೇಳಿದರೇ ಮುಖ ಕಿವುಚಿಕೊಳ್ಳುತ್ತಿತ್ತು. ಅವನು ಗೂಡಿನ ಬಾಗಿಲಲ್ಲೇ ಬೂಟು ಬಿಚ್ಚಿಡುವವನು. ಒಳಗೆ ಬರಿಗಾಲು. ಸನ್ನೆಕೋಲು ಮುಟ್ಟುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ, ನನ್ನ ಕೈಯಿಂದ ಯಾರ ತಲೆಯ ಮೇಲೂ ಏನೂ ಬೀಳದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಅಂಥ ಕಡೆ ಬಾಟಲಿಯೇ?

“ದೇವರಿಗೆ ಅಷ್ಟೂ ಗೊತ್ತಾಗಲ್ವಾ ಭಾವ, ಮನುಷ್ಯನಿಗೆ ಉಚ್ಚೆ ಕೊಟ್ಟೋನೂ ಅವನೇ ಅಲ್ವಾ?” ಎಂದು ಭಾಮೈದ ಒಮ್ಮೆ ಕಿಚಾಯಿಸಿದ್ದ.

“ನಿನ್ನ ದೇವರು ನಿನ್ನ ಬಾಟಲೀಲಿ ಇರಲಿ, ನನ್ನ ಗೂಡಿಗೆ ಬರೋದು ಬೇಡ,” ಎಂದಿದ್ದ ಹದ್ದಣ್ಣ. ಅದೇ ಮಾತಿನ ಭರದಲ್ಲಿ, ಪುಡಿಗೆ ನೀರು ಹಾಕದ ತನ್ನ ಉಪಾಯವನ್ನೂ ಹೇಳಿಬಿಟ್ಟಿದ್ದ. ಅಕ್ಕನಿಗೆ ಗೊತ್ತಾದರೆ ನಿಮ್ಮನ್ನೇ ಇಸ್ತ್ರಿ ಮಾಡುತ್ತಾಳೆ ಎಂದು ಭಾಮೈದ ನಕ್ಕಿದ್ದ. ನಕ್ಕು ಸುಮ್ಮನಾಗಿದ್ದ.

ಗಾಳಿ ಬೀಸಿದ ಆ ವಾರವೆಲ್ಲ ಹದ್ದಣ್ಣನ ಹೊಟ್ಟೆ ಬಿಗಿದುಕೊಂಡಿತ್ತು. ಪುಡಿ ತನ್ನ ಕೆಲಸ ಮಾಡುತ್ತಿದೆ ಎಂದುಕೊಂಡ. ಮರುಪರೀಕ್ಷೆ ಹತ್ತಿರ ಬಂದ ಹಾಗೆ ಒಂದು ಚಮಚ ಎರಡಾದದ್ದೂ ಆಗಲೇ.

ಆ ದೇವರು ಕೊಟ್ಟ ದಿನ ಅವನು ಬೆಳಗಿನಿಂದ ಎಡೆಬಿಡದೆ ಎತ್ತಿದ. ಗೂಡಿನ ಗಾಜಿಗೆ ಬಿಸಿಲು ನೆಟ್ಟಗೆ ಬಡಿಯುತ್ತಿತ್ತು. ಮೈಯ ನೀರೆಲ್ಲ ಅಂಗಿಗೆ ಇಳಿಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆದವನು ಒಂದು ತುತ್ತೂ ನುಂಗಲಾಗದೆ ಮುಚ್ಚಿಟ್ಟ. ಆಮೇಲೆ ಕಾಂಕ್ರೀಟು ತುಂಬಿದ ತೊಟ್ಟಿ ಹತ್ತನೆಯ ಮಹಡಿಯ ಎತ್ತರದಲ್ಲಿ ತೂಗುತ್ತಿದ್ದಾಗ ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆದಂತೆ ನೋವು ಎದ್ದಿತು. ಕಣ್ಣು ಕತ್ತಲೆಯಿಟ್ಟಿತು. ಕೆಳಗೆ ಕಂಬಿ ಕಟ್ಟುತ್ತಿದ್ದವರ ಹಳದಿ ಟೋಪಿಗಳು ಹೂ ಚೆಲ್ಲಿದಂತೆ ಕಾಣುತ್ತಿದ್ದವು. ಅವನು ಹಲ್ಲು ಕಚ್ಚಿ ತೊಟ್ಟಿಯನ್ನು ಆ ಟೋಪಿಗಳ ಮೇಲಿಂದ ಆಚೆಗೆ ತಿರುಗಿಸಿ, ಖಾಲಿ ನೆಲದ ಮೇಲೆ ಇಳಿಸಿದ. ಆಮೇಲೆ ವಾಕಿಟಾಕಿಯಲ್ಲಿ ಒಂದೇ ಮಾತು ಹೇಳಿದ: “ಇನ್ನು ನನ್ನ ಕೈಲಾಗಲ್ಲ.”

ಮೇಲೆ ಹತ್ತಿ ಹೋದವರಿಗೆ ಕಂಡದ್ದು, ಮಂಡಿಯನ್ನು ಎದೆಗೆ ಒತ್ತಿಕೊಂಡು ಮುದುಡಿ ಬಿದ್ದಿದ್ದ ಬರಿಗಾಲಿನ ಮನುಷ್ಯ. ಗೂಡು ಮೈಲಿಗೆಯಾಗದಿರಲೆಂದು ತನ್ನ ಟೋಪಿಯಲ್ಲೇ ವಾಂತಿ ಮಾಡಿಕೊಂಡು, ಅದನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಅವನನ್ನು ಹೊತ್ತು ಏಣಿ ಇಳಿಯುವಂತಿರಲಿಲ್ಲ. ಮೈಗೆ ಸುರಕ್ಷತೆಯ ಬೆಲ್ಟು ಬಿಗಿದು, ಗಾಯಾಳುಗಳನ್ನು ಇಳಿಸುವ ಕಬ್ಬಿಣದ ಬುಟ್ಟಿಯಲ್ಲಿ ಮಲಗಿಸಿದರು. ಬುಟ್ಟಿಯನ್ನು ಚಿಕ್ಕ ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದರು. ಭಾಮೈದ ತನ್ನ ಗೂಡಿನಲ್ಲಿ ಕೂತು ಭಾವನನ್ನು ಕೆಳಗಿಳಿಸಿದ. ನೆಲ ತಾಗಿದ್ದು ಹೊರೆಗೇ ಗೊತ್ತಾಗಬಾರದು ಎಂದು ಅವನಿಗೆ ಕಲಿಸಿದ್ದವನು ಹದ್ದಣ್ಣನೇ. ಬುಟ್ಟಿ ನೆಲ ತಾಗಿದ್ದು ಹದ್ದಣ್ಣನಿಗೆ ಗೊತ್ತಾಗಲಿಲ್ಲ. ಮುಖಗಳು ಬಾಗಿದ ಮೇಲಷ್ಟೇ ತಾನು ಕೆಳಗಿದ್ದೇನೆಂದು ತಿಳಿಯಿತು.

ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಕರುಳಿನಲ್ಲಿ ಪುಡಿ ಗಡ್ಡೆ ಕಟ್ಟಿ ದಾರಿ ಮುಚ್ಚಿತ್ತು. ಹೊಟ್ಟೆ ಕೊಯ್ಯಬೇಕಾಗಬಹುದು ಎಂದರು, ಕಾದರು, ಕೊನೆಗೆ ದೇವರ ದಯೆಯಿಂದ ದಾರಿ ತಾನೇ ಬಿಟ್ಟಿತು. ಆದರೆ ಮೊದಲ ದಿನ, ಏನಾಗುತ್ತದೋ ಗೊತ್ತಿಲ್ಲದ ಆ ಹೊತ್ತಿನಲ್ಲಿ, ಲಾಂಡ್ರಿಯ ನೀಲಿ ಅಂಗಿಯಲ್ಲೇ ಓಡಿಬಂದಿದ್ದ ಹೆಂಡತಿಯನ್ನು ಅಲ್ಲಿನ ಡಾಕ್ಟರು ಎಲ್ಲರೆದುರು ನಿಲ್ಲಿಸಿ ಕೇಳಿದರು. ಪುಡಿ ಕೊಟ್ಟವರು ಯಾರು? ನೀರೆಷ್ಟು ಕೊಟ್ಟಿರಿ? ಅಳತೆ ಗೊತ್ತಿಲ್ಲದವರು ಇದನ್ನೆಲ್ಲ ಯಾಕೆ ಮುಟ್ಟುತ್ತೀರಿ?

ಅವಳು ತಂಬಿಗೆ ತುಂಬ ನೀರಿಡುತ್ತಿದ್ದೆ ಎಂದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಅವಳನ್ನು ನಂಬದೆ ಹೋಯಿತು. ಸಣ್ಣ ತಂಬಿಗೆಯಾಯಿತೇನೋ. ಚಮಚ ದೊಡ್ಡದಾಯಿತೇನೋ. ಅವಳು ಗಂಡನ ಮುಖ ನೋಡಿದಳು. ಮೂಗಿನ ಕೊಳವೆಯ ನೆಪದಲ್ಲಿ ಹದ್ದಣ್ಣ ಗೋಡೆಯ ಕಡೆ ತಿರುಗಿಕೊಂಡ.

ಕೊಳವೆ ತೆಗೆದ ಮೇಲೂ ಅವನು ಬಾಯಿ ಬಿಡಲಿಲ್ಲ. ಸೈಟಿನಲ್ಲಿ ವಿಚಾರಣೆ ಇಟ್ಟಿದ್ದಾರೆ, ನನ್ನನ್ನೂ ಕರೆದಿದ್ದಾರೆ ಎಂದು ಭಾಮೈದ ಬಂದು ಹೇಳಿದಾಗ ಮಾತ್ರ, ಹೆಂಡತಿ ಔಷಧಿ ತರಲು ಹೋಗಿದ್ದ ಗಳಿಗೆ ನೋಡಿ, ಅವನ ಮುಂಗೈ ಹಿಡಿದುಕೊಂಡ.

“ನಿನ್ನಕ್ಕ ಕಲಸೋವಾಗ ನೀರು ಮರೆತಳು ಅಂದುಬಿಡು. ನನ್ನ ತಪ್ಪಲ್ಲ ಅಂತಾದರೆ ಗೂಡು ಉಳಿಯುತ್ತೆ.”

“ಅಕ್ಕನ ಮೇಲೆ ಹಾಕ್ಲಾ ಭಾವ?”

“ಅವಳಿಗೇನಾಗುತ್ತೆ? ಅವಳೇನು ಕ್ರೇನು ಹತ್ತಬೇಕಾ?”

ಭಾಮೈದ ಮುಂಗೈ ಬಿಡಿಸಿಕೊಳ್ಳಲಿಲ್ಲ, ಹೂಂ ಅನ್ನಲೂ ಇಲ್ಲ. ಮೂಸಂಬಿಯೊಂದನ್ನು ಸುಲಿದು ತಟ್ಟೆಯಲ್ಲಿಟ್ಟು ಎದ್ದುಹೋದ.

ವಿಚಾರಣೆ ನಡೆದದ್ದು ಸೈಟಿನ ತಗಡಿನ ಆಫೀಸಿನಲ್ಲಿ. ಫ್ಯಾನು ತಿರುಗಿದರೂ ಗಾಳಿ ಬಾರದ ಕೋಣೆ. ಇಂಜಿನಿಯರು, ಸುರಕ್ಷತೆಯ ಅಧಿಕಾರಿ, ಕಂಪನಿಯ ಡಾಕ್ಟರು ಸಾಲಾಗಿ ಕೂತಿದ್ದರು. ಭಾಮೈದ ಹೇಳಿದ್ದು ಇಷ್ಟೇ: “ಅಕ್ಕ ನೀರು ಇಡ್ತಿದ್ದಳು. ಭಾವ ಚೆಲ್ಲುತಿದ್ದರು. ನನಗೆ ಗೊತ್ತಿತ್ತು. ನಾನು ನಕ್ಕೆ, ಯಾರಿಗೂ ಹೇಳಲಿಲ್ಲ.”

ಅವನು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತೋ ಹೇಳುವವರಾರು? ಸತ್ಯಕ್ಕೆ ಸಿಕ್ಕ ಫಲವಂತೂ ಹೀಗಿತ್ತು. ಭಾಮೈದನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಂಥ ನೋವಿನಲ್ಲೂ ಹೊರೆಯನ್ನು ಸುರಕ್ಷಿತವಾಗಿ ಇಳಿಸಿದ್ದಕ್ಕೆ ಹದ್ದಣ್ಣನನ್ನು ಹೊಗಳಿದರು. ಹೊಗಳಿದ ಮೇಲೆ, ಡಾಕ್ಟರನ್ನೂ ಹೆಂಡತಿಯನ್ನೂ ವಂಚಿಸಿ ನೀರೂ ಕುಡಿಯದೆ ಅಷ್ಟೆತ್ತರ ಹತ್ತುವವನನ್ನು ಮತ್ತೆ ಹತ್ತಿಸಲಾಗದು ಎಂದು ತೀರ್ಮಾನಿಸಿದರು. ಗೇಟಿನಲ್ಲಿ ಕೆಲಸ ಕೊಟ್ಟರು. ಹೊರಗೆ ಹೋಗುವ ಲಾರಿಗಳ ಚಕ್ರದ ಕೆಸರು ರಸ್ತೆಗೆ ಹತ್ತದಂತೆ ದಿನವಿಡೀ ಪೈಪು ಹಿಡಿದು ತೊಳೆಯುವುದು. ದೊಡ್ಡ ಕ್ರೇನಿಗೆ ಬೇರೆಯವರು ಸಿಗುವವರೆಗೆ ಎಂದು ಭಾಮೈದನನ್ನು ಹತ್ತಿಸಿದರು. ಬೇರೆಯವರನ್ನು ಯಾರೂ ಹುಡುಕಲಿಲ್ಲ.

ಅದೇ ವಾರ ರಕ್ತಪರೀಕ್ಷೆಯ ವರದಿ ಬಂತು. ಕೆಟ್ಟ ಕೊಬ್ಬು ಡಾಕ್ಟರು ಕೇಳಿದ್ದಕ್ಕಿಂತಲೂ ಕೆಳಗಿಳಿದಿತ್ತು. ಕಾಯಿಲೆ ಬಿದ್ದಾಗ ಈ ಸಂಖ್ಯೆಯನ್ನು ಪೂರಾ ನಂಬುವಂತಿಲ್ಲ, ಆಸ್ಪತ್ರೆಯ ಉಪವಾಸದ ಪಾಲೂ ಇದರಲ್ಲಿದೆ, ಪುಡಿಯ ಪಾಲೂ ಇರಬಹುದು, ನೀರು ಕುಡಿದು ತಗೊಂಡಿದ್ದರೆ ಸಾಕಿತ್ತಲ್ಲ ಎಂದು ಕಂಪನಿಯ ಡಾಕ್ಟರು ಕಾಗದ ಚಾಚಿದರು. ಹದ್ದಣ್ಣ ಅದನ್ನು ಓದದೆ ಮಡಚಿ ಜೇಬಿಗಿಟ್ಟ.

ಮನೆಯಲ್ಲಿ ಅವನ ಸಿಟ್ಟೆಲ್ಲ ಭಾಮೈದನ ಮೇಲೆ ಹರಿಯಿತು. ಬಂದುಹೋದವರ ಮುಂದೆಲ್ಲ, ಕೈ ಹಿಡಿದು ಕಲಿಸಿದವನನ್ನೇ ಕೆಳಗಿಳಿಸಿ ಕುರ್ಚಿ ಹತ್ತಿದ ಎಂದು ಹೇಳಿದ. ಹೆಂಡತಿ ಕೇಳಿಸಿಕೊಳ್ಳುತ್ತ, ಡಾಕ್ಟರು ಹೇಳಿದ್ದ ಪ್ರಕಾರ ಗಂಟೆಗೊಮ್ಮೆ ಲೋಟ ತುಂಬ ಕಾಯಿಸಿ ಆರಿಸಿದ ನೀರು ತಂದಿಡುತ್ತಿದ್ದಳು. ನಿಂತು ನೋಡುತ್ತಿದ್ದಳು. ಅವನು ಕುಡಿಯುತ್ತಿದ್ದ. ಲಾಂಡ್ರಿಯಲ್ಲಿ ಅವಳಿಗೆ ಹೊಸ ಹೆಸರು ಬಿದ್ದಿತ್ತು, ಪುಡಿಯಮ್ಮ ಎಂದು. ಅವಳ ಪಾಳಿಯವರು ಚಹಾ ಹೊತ್ತಿನಲ್ಲಿ, ನಮಗೇನೂ ಕಲಸಿಕೊಡಬೇಡಮ್ಮ, ನಮ್ಮ ಮಕ್ಕಳು ಚಿಕ್ಕವರು ಎಂದು ನಗುತ್ತಿದ್ದರು. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ವಿಚಾರಣೆಯಲ್ಲಿ ತಮ್ಮ ಏನು ಹೇಳಿದನೆಂದು ಅವಳಿಗಿನ್ನೂ ಗೊತ್ತಿರಲಿಲ್ಲ; ಅವನಾದರೂ ಬಂದು ನಿಜ ಹೇಳುತ್ತಾನೆಂದರೆ, ಭಾವನ ಬಾಗಿಲು ಅವನಿಗೆ ಮುಚ್ಚಿತ್ತು.

ಒಂದು ಸಂಜೆ, ಯಾರೂ ಇಲ್ಲದಿದ್ದಾಗ, ಹದ್ದಣ್ಣ ಅದೇ ರಾಗ ತೆಗೆದ. ನಿನ್ನ ತಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಕೇಳಿಕೊಂಡಿದ್ದೆ, ಹೇಳಲಿಲ್ಲ ಎಂದ.

ಹೆಂಡತಿ ಲೋಟ ಕೆಳಗಿಟ್ಟಳು. “ಯಾವ ಮಾತು?”

ಅವಳು ಮತ್ತೆ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ, ಬಾಗಿಲಿಗೆ ಒರಗಿ ಕಾದು ನಿಂತಳು. ಆ ಕಾಯುವಿಕೆಯ ಮುಂದೆ ಅವನ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಸಿಂಕಿಗೆ ನೀರು ಬಗ್ಗಿಸಿದ್ದನ್ನು ಹೇಳಿದ. ಎರಡನೆಯ ಚಮಚ ಹೇಳಿದ. ಆಸ್ಪತ್ರೆಯಲ್ಲಿ ಮುಂಗೈ ಹಿಡಿದು ಬೇಡಿಕೊಂಡದ್ದನ್ನೂ ಹೇಳಿದ. ಹೇಳಿ ಮುಗಿಸಿದ ಮೇಲೆ ಅವಳು ಕಿರುಚುತ್ತಾಳೆಂದು ಕಾದ. ಕಿರುಚಿದ್ದರೆ ಅವನಿಗೂ ಒಂದಿಷ್ಟು ಹಗುರವಾಗುತ್ತಿತ್ತು.

“ಆ ಡಾಕ್ಟರು ಬೈದ ದಿನ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ದೇವರ ಹತ್ರ ತಪ್ಪು ಒಪ್ಪಿಕೊಂಡೆ ಕಣ್ರೀ,” ಎಂದಳು ಅವಳು. “ನನ್ನ ಕೈಯಿಂದ ಆಯ್ತು, ಅವರನ್ನ ಉಳಿಸಪ್ಪ ಅಂದೆ. ದಿನಾ ಅಂದೆ. ಮಾಡದೇ ಇರೋ ತಪ್ಪು. ಅವನು ಕೇಳಿಸಿಕೊಂಡು ಏನಂದುಕೊಂಡನೋ.”

“ಆಗಿದ್ದು ಆಯ್ತಲ್ಲ, ಹೊಟ್ಟೆಗೆ ಹಾಕ್ಕೋ,” ಎಂದ ಹದ್ದಣ್ಣ.

“ನನ್ನ ಹೊಟ್ಟೇಲಿ ಜಾಗ ಇಲ್ಲ,” ಎಂದಳು. ಆಮೇಲೆ ಲೋಟವನ್ನು ಮತ್ತೆ ಎತ್ತಿ ಅವನ ಕೈಗೆ ಕೊಟ್ಟಳು. ನೀರು ಹಾಗೇ ಉಳಿದಿದೆ, ಕುಡಿಯಿರಿ ಎಂದಳು. ಅವನು ಕುಡಿದು ಮುಗಿಸುವವರೆಗೆ ಎಂದಿನಂತೆ ನಿಂತು ನೋಡಿದಳು. ಅವನ ಸೇವೆಯಲ್ಲಿ ಅವಳು ಆಮೇಲೂ ಏನನ್ನೂ ಕಡಿಮೆ ಮಾಡಲಿಲ್ಲ. ಅವನ ಜೊತೆ ಮಾತನಾಡುವುದನ್ನು ಮಾತ್ರ ಕೆಲಸಕ್ಕೆ ಬೇಕಾದಷ್ಟಕ್ಕೆ ಇಳಿಸಿದಳು. ಮನುಷ್ಯ ಮನುಷ್ಯನಿಗೆ ಕೊಡುವ ಶಿಕ್ಷೆಗಳಲ್ಲಿ ಇಷ್ಟು ಮೆಲ್ಲಗಿನದು, ಇಷ್ಟು ಉದ್ದದ್ದು ಇನ್ನೊಂದು ಇರಲಾರದು.

ಅವನು ಗೇಟಿನ ಕೆಲಸಕ್ಕೆ ಹೊರಡಬೇಕಾದ ಹಿಂದಿನ ದಿನ ಅವಳು ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ನಡುಮನೆಯಲ್ಲಿಟ್ಟಳು. ಆಸ್ಪತ್ರೆಯಲ್ಲಿ ಅವನ ಮೈಯಿಂದ ಬಿಚ್ಚಿದ ಕ್ರೇನಿನ ಬೆಲ್ಟು ಅದರಲ್ಲಿತ್ತು. ದೊಡ್ಡ ಕ್ರೇನಿನ ಲೆಕ್ಕಕ್ಕೆ ಸೇರಿದ್ದು. ಸೈಟಿನವರು ಎರಡು ಸಲ ಹೇಳಿಕಳಿಸಿದ್ದರೂ ಅವನು ಕೊಟ್ಟಿರಲಿಲ್ಲ. ಕೊಟ್ಟುಬಿಟ್ಟರೆ ಎಲ್ಲ ಮುಗಿದಂತೆ ಎಂದು ಅವನ ಒಳಮನಸ್ಸು.

“ತಮ್ಮ ಕೊಕ್ಕೆ ಸಡಿಲಾದ ಹಳೇದನ್ನೇ ಕಟ್ಕೊಂಡು ಅಷ್ಟೆತ್ತರ ಹತ್ತುತಿದಾನೆ,” ಎಂದಳು. ತಟ್ಟೆ ತೊಳೆಯಲು ಹೋದಳು.

ಹದ್ದಣ್ಣ ಚೀಲ ಬಿಚ್ಚಿದ. ಬೆಲ್ಟಿನ ಪಟ್ಟಿಗಳಲ್ಲಿ ಅವನ ಬೆವರಿನ ಉಪ್ಪು ಬಿಳಿಯಾಗಿ ಗೆರೆ ಕಟ್ಟಿತ್ತು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದ. ಭಾಮೈದ ಅವನಿಗಿಂತ ತೆಳ್ಳಗಿನವನು. ಒಂದೊಂದೇ ಬಕ್ಕಲು ಬಿಚ್ಚಿ, ಹೆಗಲಿನದು, ಸೊಂಟದ್ದು, ತೊಡೆಯದು, ಎಲ್ಲ ಪಟ್ಟಿಗಳನ್ನೂ ಕಣ್ಣಳತೆಯಲ್ಲೇ ಒಳಕ್ಕೆ ಎಳೆದು ಗಿಡ್ಡ ಮಾಡಿದ. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮರುದಿನ ಮೋಡ ಕವಿದಿತ್ತು. ಸೈಟಿನಲ್ಲಿ ದೊಡ್ಡ ಕ್ರೇನಿನ ಏಣಿಯ ಬುಡದಲ್ಲಿ ಭಾಮೈದ ಕೈಗವಸು ಹಾಕಿಕೊಳ್ಳುತ್ತಿದ್ದ. ಗೇಟಿನಿಂದ ಭಾವ ನಡೆದು ಬರುತ್ತಿರುವುದನ್ನು ಕಂಡು, ಬೈಗುಳಕ್ಕೋ ಏಟಿಗೋ ಸಿದ್ಧನಾದವನಂತೆ ನೆಟ್ಟಗೆ ನಿಂತ. ಕಂಬಿಯವರು ಕೈ ನಿಲ್ಲಿಸಿ ನೋಡಿದರು.

ಹದ್ದಣ್ಣ ಹತ್ತಿರ ಬಂದು, ತಲೆಯೆತ್ತಿ ಒಮ್ಮೆಯೂ ಮೇಲೆ ನೋಡದೆ, ಬೆಲ್ಟನ್ನು ಅವನ ಎರಡೂ ಕೈಗಳ ಮೇಲೆ ಇಟ್ಟ.